ಬಾಲ್ಯವಿವಾಹ ತಡೆಯಲು ಊರಿನವರನ್ನು ಜೊತೆ ಮಾಡಿಕೊಳ್ಳುವುದು ಹೇಗೆ? ಸಣ್ಣ ಸಂಸ್ಥೆಗಳಿಗೆ ಒಂದು ಮಾರ್ಗದರ್ಶಿ

ನಿಮ್ಮದು ನಾಲ್ಕೈದು ಜನರ ಸಣ್ಣ ಸಂಸ್ಥೆ ಅಂದುಕೊಳ್ಳಿ. ಕೊಪ್ಪಳ, ರಾಯಚೂರು ಅಥವಾ ಬಾಗಲಕೋಟೆ ಕಡೆಯ ಒಂದು ತಾಲ್ಲೂಕಿನಲ್ಲಿ ಕೆಲಸ. ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಮದುವೆ ಮಾಡಿಬಿಡುವುದು ನಿಲ್ಲಬೇಕು ಎಂದು ಹೊರಟಿದ್ದೀರಿ. ಆದರೆ ಮದುವೆ ನಿಲ್ಲಿಸುವ ಅಧಿಕಾರ ನಿಮಗಿಲ್ಲ. ಆ ಮನೆಯ ಸಾಲ ತೀರಿಸುವಷ್ಟು ದುಡ್ಡಿಲ್ಲ. ಹಾಸ್ಟೆಲ್ ಸೀಟು ಕೊಡುವವರು ನೀವಲ್ಲ, ಊರಿಗೆ ಬಸ್ ಬಿಡುವವರೂ ನೀವಲ್ಲ. ಎಲ್ಲವೂ ಬೇರೆ ಬೇರೆಯವರ ಕೈಯಲ್ಲಿದೆ. ನಿಮ್ಮ ಹತ್ತಿರ ಇರುವುದು ಸಮಯ ಮಾತ್ರ. ಉಳಿದವರಿಗೆ ಇದು ಹತ್ತು ಕೆಲಸಗಳಲ್ಲಿ ಒಂದು, ನಿಮಗೆ ಇದೇ ಕೆಲಸ.

ಸಮಸ್ಯೆ ಎಷ್ಟು ಗಟ್ಟಿಯಾಗಿ ಕೂತಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳನ್ನು ಕೇಳಿದಾಗ, ಶೇ 21.4ರಷ್ಟು ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಮುಂದಿನ ಸಮೀಕ್ಷೆ, 2019-20ರದ್ದು, ಶೇ 21.3 ತೋರಿಸಿತು. ಕಾನೂನು ಇತ್ತು, ಜಾಥಾ ಇತ್ತು, ಗೋಡೆಬರಹ ಇತ್ತು. ಆದರೂ ಅಂಕಿ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು.

ಹಾಗಾಗಿ ಇನ್ನೊಂದು ಜಾಥಾ ಮಾಡುವ ಮುಂಚೆ, ಊರಿನಲ್ಲಿ ಈಗಾಗಲೇ ಇರುವ ಜನರನ್ನು ಒಬ್ಬರಿಗೊಬ್ಬರು ಜೋಡಿಸಿ. ನಾನು ಒತ್ತಿ ಹೇಳುವುದು ಒಂದೇ ಮಾತು: ಪ್ರತಿಯೊಬ್ಬರಿಂದ ಒಂದೇ ಒಂದು ಕೆಲಸ ಕೇಳಿ. ಅದೂ ಅವರ ದಿನನಿತ್ಯದ ಕೆಲಸದೊಳಗೇ ಮುಗಿಯುವಂಥದ್ದು. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಹೆಜ್ಜೆ 1: ಒಂದೇ ಹೋಬಳಿ ಹಿಡಿಯಿರಿ, ಅಲ್ಲಿಯ ಮದುವೆ ಲೆಕ್ಕಾಚಾರ ತಿಳಿಯಿರಿ

ಇಡೀ ಜಿಲ್ಲೆಗೆ ಕೈ ಹಾಕಬೇಡಿ. ಐದಾರು ಗ್ರಾಮ ಪಂಚಾಯ್ತಿ ಸಾಕು. ಬೆಳಿಗ್ಗೆ ಫೋನ್ ಬಂದರೆ ಮಧ್ಯಾಹ್ನದೊಳಗೆ ತಲುಪುವಷ್ಟು ಜಾಗ ಇರಲಿ.

ಮೊದಲ ಎರಡು ತಿಂಗಳು ಯಾರಿಗೂ ಬುದ್ಧಿ ಹೇಳಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಅಲ್ಲಿ ಹುಡುಗಿಯರ ಮದುವೆ ಯಾಕೆ ಬೇಗ ಆಗುತ್ತದೆ? ಕಾರಣ ಊರಿಂದ ಊರಿಗೆ ಬೇರೆ. ಒಂದು ಕಡೆ ಗುಳೆ. ದೀಪಾವಳಿ ಆಸುಪಾಸು ಕಬ್ಬು ಕಡಿಯಲು ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ತಂದೆ ತಾಯಿ ಹೊರಡುತ್ತಾರೆ. ವಯಸ್ಸಿಗೆ ಬಂದ ಮಗಳನ್ನು ಮುದುಕಿ ಅಜ್ಜಿ ಜೊತೆ ಬಿಟ್ಟುಹೋಗಲು ಭಯ. ಒಂದು ಮದುವೆ ಅಂತ ಮಾಡಿಬಿಟ್ಟರೆ ನಿಶ್ಚಿಂತೆ ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆ ಖರ್ಚು. ಅಕ್ಕನ ಮದುವೆಗೆ ಹೇಗೂ ಪೆಂಡಾಲ್ ಹಾಕಿಸಿದ್ದೇವೆ, ಅದರಲ್ಲೇ ತಂಗಿಯದೂ ಮುಗಿಯಲಿ ಎನ್ನುತ್ತಾರೆ. ಮತ್ತೊಂದು ಕಡೆ ಸೋದರಮಾವನ ಜೊತೆ ಚಿಕ್ಕಂದಿನಲ್ಲೇ ಆದ ಮಾತುಕತೆ. ಹುಡುಗಿ ಯಾರನ್ನೋ ಇಷ್ಟಪಟ್ಟಳು ಎಂಬ ಸುಳಿವು ಸಿಕ್ಕಿದ ಕೂಡಲೇ ವಾರದೊಳಗೆ ಮದುವೆ ಮುಗಿಸುವ ಮನೆಗಳೂ ಇವೆ. ಹೈಸ್ಕೂಲ್ ಮುಗಿದ ಮೇಲೆ ಪಿಯು ಕಾಲೇಜು ದೂರ ಎಂಬ ಒಂದೇ ಕಾರಣಕ್ಕೆ ಮದುವೆ ಆದವರಂತೂ ಜಾಸ್ತಿ.

ಕಾರಣ ಗೊತ್ತಾದರೆ ಯಾರನ್ನು ಜೊತೆ ಮಾಡಿಕೊಳ್ಳಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಗುಳೆಯೇ ಕಾರಣವಾದರೆ ಹಾಸ್ಟೆಲ್ ವಾರ್ಡನ್ ಬೇಕು. ಕಾಲೇಜು ದೂರವಾದರೆ ಬಸ್ ಡಿಪೋ ಮ್ಯಾನೇಜರ್ ಬೇಕು. ಖರ್ಚೇ ಕಾರಣವಾದರೆ ಸ್ವಸಹಾಯ ಸಂಘದ ಹೆಂಗಸರು ಬೇಕು. ಎಲ್ಲಾ ಊರಿಗೂ ಒಂದೇ ಪಟ್ಟಿ ಹಿಡಿದು ಹೋಗುವ ಸಂಸ್ಥೆಗಳು ಎಡವುವುದು ಇಲ್ಲಿಯೇ.

ಜೊತೆಗೆ ಊರಿನ ಕ್ಯಾಲೆಂಡರ್ ಬರೆದಿಡಿ. ಯುಗಾದಿ ಕಳೆದು ಅಕ್ಷಯ ತೃತೀಯದವರೆಗೆ ಮದುವೆ ಜೋರು. ಬಸವ ಜಯಂತಿಯೂ ಅದೇ ದಿನ ಬರುವುದರಿಂದ ಉತ್ತರ ಕರ್ನಾಟಕದಲ್ಲಿ ಆ ಹೊತ್ತಿಗೆ ಸಾಮೂಹಿಕ ಮದುವೆಗಳು ಹೆಚ್ಚು. ಶಾಲೆಗೆ ರಜೆ ಇರುವುದೂ ಆಗಲೇ. ಅಂದರೆ ಹುಡುಗಿ ಮೇಷ್ಟ್ರ ಕಣ್ಣಿಗೆ ಬೀಳದ ಎರಡು ತಿಂಗಳಲ್ಲೇ ಅಪಾಯ ಜಾಸ್ತಿ. ನಿಮ್ಮ ಓಡಾಟವೆಲ್ಲ ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿದಿರಬೇಕು.

ಹೆಜ್ಜೆ 2: ಸುದ್ದಿ ಮೊದಲು ಯಾರಿಗೆ ಸಿಗುತ್ತದೆ?

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ನಿಶ್ಚಿತಾರ್ಥದಿಂದ ತಾಳಿ ಕಟ್ಟುವವರೆಗೆ ಒಂದು ಮದುವೆಗೆ ಯಾರ್ಯಾರು ಬೇಕಾಗುತ್ತಾರೆ ಎಂದು ಬರೆಯುತ್ತಾ ಹೋಗಿ. ಮುಹೂರ್ತ ನೋಡುವವರು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು. ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವವರು. ಅಡುಗೆಯವರು, ಬ್ಯಾಂಡಿನವರು, ಬಳೆಗಾರರು, ಫೋಟೋಗ್ರಾಫರ್. ಕಲ್ಯಾಣ ಮಂಟಪದ ಮ್ಯಾನೇಜರ್, ದೇವಸ್ಥಾನದ ಪೂಜಾರಿ, ಮಸೀದಿಯ ಖಾಜಿ.

ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ: ಹುಡುಗಿಯ ದಿನಚರಿ ಬಲ್ಲವರು. ಕ್ಲಾಸ್ ಟೀಚರ್, ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ (ಊರಿನ ಆರೋಗ್ಯ ಕಾರ್ಯಕರ್ತೆ), ಪಕ್ಕದ ಬೆಂಚಿನ ಗೆಳತಿ.

ಈ ಎರಡನೇ ಪಟ್ಟಿಗೇ ಸುದ್ದಿ ಮೊದಲು ಸಿಗುವುದು. ಅದರಲ್ಲೂ ಗೆಳತಿಗೆ. ಮೊದಲ ಪಟ್ಟಿಯವರಿಗೆ ಗೊತ್ತಾಗುವ ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಮನೆಯವರು ಹಿಂದೆ ಸರಿಯುವುದು ಕಷ್ಟವಾಗಿರುತ್ತದೆ.

ಶಾಲೆಯಲ್ಲಿ ನೋಡಬೇಕಾದ್ದು ಹಾಜರಿ ಪುಸ್ತಕ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳ ಸಾಲಿನ ಮೇಲೆ ಬೆರಳಿಟ್ಟು ನೋಡಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಬಿಡದೆ ಬಂದಿದ್ದಾಳೆ. ಜನವರಿಯಲ್ಲಿ ಸೋಮವಾರ, ಮಂಗಳವಾರ ತಪ್ಪಿಸಿದ್ದಾಳೆ. ಭಾನುವಾರ ಯಾರೋ ನೋಡಲು ಬಂದಿರಬಹುದು, ನೆಂಟರ ಊರಿಗೆ ಹೋಗಿರಬಹುದು. ಫೆಬ್ರವರಿಯಲ್ಲಿ ಸತತ ಏಳು ದಿನ ಇಲ್ಲ. ಆ ಏಳನೇ ದಿನ ಯಾರಾದರೂ ಮನೆಗೆ ಹೋಗಿ ಕದ ತಟ್ಟಿದರೆ, ಎಷ್ಟೋ ಮದುವೆಗಳು ಮಾತುಕತೆಯ ಹಂತದಲ್ಲೇ ನಿಲ್ಲುತ್ತವೆ. ಪೊಲೀಸ್ ಜೀಪ್ ಬೇಕಾಗುವುದೇ ಇಲ್ಲ.

ಹೆಜ್ಜೆ 3: ಅಧಿಕಾರ ಯಾರ ಕೈಯಲ್ಲಿದೆ, ನಿಮಗೆ ಎಷ್ಟಿದೆ?

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ನು ನಿಮ್ಮ ಸಂಸ್ಥೆಯ ಪ್ರತಿಯೊಬ್ಬರೂ ಒಮ್ಮೆ ಕೂತು ಓದಬೇಕು. ಚಿಕ್ಕ ಕಾಯ್ದೆ, ಒಂದು ಸಂಜೆ ಸಾಕು. ಹುಡುಗಿಗೆ 18, ಹುಡುಗನಿಗೆ 21 ಎಂಬುದು ಎಲ್ಲರಿಗೂ ಗೊತ್ತು. ಸಂಸ್ಥೆಗಳಿಗೆ ಬೇಕಾದ ಸಂಗತಿಗಳು ಒಳಗಿವೆ.

13ನೇ ಸೆಕ್ಷನ್ ಪ್ರಕಾರ ಬಾಲ್ಯವಿವಾಹ ನಡೆಯುವ ಸಾಧ್ಯತೆ ಬಗ್ಗೆ ಸ್ವಯಂಸೇವಾ ಸಂಸ್ಥೆಯೇ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು, ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯುವ ಹೊಣೆಯನ್ನು ಇದೇ ಸೆಕ್ಷನ್ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ, ಹೆಗಲಿಗೆ ಹಾಕಿದೆ. 16ನೇ ಸೆಕ್ಷನ್ ನಿಷೇಧಾಧಿಕಾರಿಗಳ, ಅಂದರೆ ಬಾಲ್ಯವಿವಾಹ ತಡೆಯಲು ಸರ್ಕಾರ ನೇಮಿಸಿದ ಅಧಿಕಾರಿಗಳ, ಬಗ್ಗೆ. ಅವರಿಗೆ ನೆರವಾಗುವಂತೆ ಸಂಸ್ಥೆಯ ಪದಾಧಿಕಾರಿಯನ್ನೂ ಸರ್ಕಾರ ಕೋರಬಹುದು ಎಂದು ಅದರಲ್ಲಿದೆ. ಅಧಿಕಾರಿಗಳ ಮುಂದೆ ಹೋಗುವಾಗ ಈ ಸಾಲು ಗೊತ್ತಿದ್ದರೆ ನೀವು ಹೊರಗಿನವರಾಗಿ ನಿಲ್ಲಬೇಕಿಲ್ಲ.

ಕರ್ನಾಟಕದಲ್ಲಿ ನಿಷೇಧಾಧಿಕಾರಿಗಳು ಒಬ್ಬಿಬ್ಬರಲ್ಲ. ತಹಶೀಲ್ದಾರ್, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಪೊಲೀಸ್ ಇನ್‌ಸ್ಪೆಕ್ಟರ್, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಶಾಲೆಯ ಮುಖ್ಯ ಶಿಕ್ಷಕರು, ಹೀಗೆ ಪಟ್ಟಿ ಉದ್ದವಿದೆ. ಎಷ್ಟೋ ಸಲ ತಾವೇ ಆ ಅಧಿಕಾರಿ ಎಂಬುದು ಅವರಿಗೇ ನೆನಪಿರುವುದಿಲ್ಲ. ಮೊದಲ ಭೇಟಿಯಲ್ಲೇ ಅವರನ್ನು ನೇಮಿಸಿದ ಸರ್ಕಾರಿ ಆದೇಶದ ಪ್ರತಿ ಕೈಗಿಡಿ, ವಿನಯದಿಂದಲೇ.

2017ರಲ್ಲಿ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿದ್ದಾಯಿತಲ್ಲ, ಇನ್ನೇನು ಮಾಡುತ್ತೀರಿ ಎನ್ನುವವರಿಗೆ ಈ ವಿಷಯ ಮುಂಚೆಯೇ ಮುಟ್ಟಿರಬೇಕು. ಮದುವೆಯ ಅಪಾಯದಲ್ಲಿರುವ ಮಗುವನ್ನು 2015ರ ಬಾಲನ್ಯಾಯ ಕಾಯ್ದೆ ರಕ್ಷಣೆ ಬೇಕಾದ ಮಗು ಎಂದೇ ಗುರುತಿಸುತ್ತದೆ. ಹಾಗಾಗಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ಇದು ಸಂಬಂಧಪಟ್ಟ ವಿಷಯ.

ವಯಸ್ಸಿನ ದಾಖಲೆ ವಿಚಾರದಲ್ಲಿ ಎಚ್ಚರ ಇರಲಿ. ಆಧಾರ್ ಕಾರ್ಡ್ ತೋರಿಸಿ 18 ಆಗಿದೆ ಎನ್ನುವ ಮನೆಗಳು ಬಹಳ. ಜನ್ಮದಿನಾಂಕಕ್ಕೆ ಆಧಾರ್ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ನೋಡಬೇಕಾದ್ದು ಶಾಲೆಯ ದಾಖಲೆ ಇಲ್ಲವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ.

ಹೆಜ್ಜೆ 4: ಒಬ್ಬರಿಗೆ ಒಂದೇ ಕೆಲಸ

ಎಲ್ಲರನ್ನೂ ಒಂದು ಹಾಲ್‌ಗೆ ಕರೆದು, ಊಟ ಹಾಕಿಸಿ, ಪ್ರತಿಜ್ಞೆ ಮಾಡಿಸಿ ಕಳಿಸುವುದು ಸುಲಭ. ಮರುದಿನ ಯಾರಿಗೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅದರ ಬದಲು ಒಬ್ಬೊಬ್ಬರನ್ನೂ ಅವರ ಜಾಗದಲ್ಲೇ ಭೇಟಿಯಾಗಿ, ಒಂದೊಂದು ಕೆಲಸ ಕೇಳಿ.

ಮುಖ್ಯ ಶಿಕ್ಷಕರಿಗೆ: ಎಂಟರಿಂದ ಹತ್ತನೇ ಕ್ಲಾಸಿನ ಯಾವ ಹುಡುಗಿ ಸತತ ಏಳು ದಿನ ಬರದಿದ್ದರೂ ನಿಮಗೆ ಒಂದು ಫೋನ್ ಮಾಡುವುದು. ಶಾಲೆಯೊಳಗೆ ಕಾಲಿಡುವ ಮುಂಚೆ ಬಿಇಒ ಕಚೇರಿಯಿಂದ ಬರಹದ ಅನುಮತಿ ತನ್ನಿ. ಅದಿಲ್ಲದೆ ಮೇಷ್ಟ್ರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು.

ಪಿಡಿಒ ಹತ್ತಿರ ಹೀಗೆ ಕೇಳಿ: "ಸರ್, ಮುಂದಿನ ಗ್ರಾಮ ಸಭೆಯ ಅಜೆಂಡಾದಲ್ಲಿ ಒಂದು ಸಾಲು ಸೇರಿಸಿ, ನಮಗೆ ಐದು ನಿಮಿಷ ಕೊಡಿ." ಇಡೀ ಪಂಚಾಯ್ತಿಯನ್ನು ಬಾಲ್ಯವಿವಾಹ ಮುಕ್ತ ಎಂದು ಘೋಷಿಸಿ ಅನ್ನಬೇಡಿ. ಘೋಷಣೆಯಾದ ಮೇಲೆ ನಡೆದ ಮದುವೆಯನ್ನು ಮುಚ್ಚಿಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಒಂದು ಠರಾವು ಆಗಿ, ನಡಾವಳಿ ಪುಸ್ತಕಕ್ಕೆ ಏರಿದರೆ ಮುಂದಿನ ಮಾತಿಗೆ ಅದು ಆಧಾರ. ಪಂಚಾಯ್ತಿಯ ಸಾಮಾಜಿಕ ನ್ಯಾಯ ಸಮಿತಿ, ಮಕ್ಕಳ ರಕ್ಷಣಾ ಸಮಿತಿ ಕಾಗದದಲ್ಲಿ ಇದ್ದೇ ಇರುತ್ತವೆ. ಹೊಸ ಸಮಿತಿ ಕಟ್ಟುವ ಬದಲು ಅವುಗಳ ಸಭೆಯನ್ನೇ ನಡೆಸಲು ನೆರವಾಗಿ.

ಪ್ರೆಸ್ಸಿನವರಿಗೆ, ಮಂಟಪದವರಿಗೆ: ಆರ್ಡರ್ ತೆಗೆದುಕೊಳ್ಳುವಾಗ ಹುಡುಗ ಹುಡುಗಿ ಇಬ್ಬರ ವಯಸ್ಸಿನ ದಾಖಲೆ ಕೇಳುವುದು. ಅವರಿಗೆ ಗಿರಾಕಿ ಕಳೆದುಕೊಳ್ಳುವ ಭಯ ಇರುತ್ತದೆ. ನಾನು ದಾಖಲೆ ಕೇಳಿದರೆ ಪಕ್ಕದ ಅಂಗಡಿಯವನು ಕೇಳದೆಯೇ ಅಚ್ಚು ಹಾಕಿ ಕೊಡುತ್ತಾನೆ ಎನ್ನುವ ಮಾತು ನಿಜ. ಆದ್ದರಿಂದ ತಾಲ್ಲೂಕಿನ ಎಲ್ಲಾ ಪ್ರೆಸ್‌ಗಳಿಗೂ ತಹಶೀಲ್ದಾರರಿಂದ ಒಂದೇ ದಿನ ಒಂದೇ ಪತ್ರ ಹೋಗುವಂತೆ ನೋಡಿಕೊಳ್ಳಿ. ಆಗ "ತಾಲ್ಲೂಕು ಆಫೀಸಿನವರ ಆರ್ಡರ್ ಅಣ್ಣ, ನಾನೇನು ಮಾಡ್ಲಿ" ಎಂದು ಗಿರಾಕಿಗೆ ಹೇಳಲು ಅವರಿಗೊಂದು ದಾರಿ ಸಿಗುತ್ತದೆ.

ಸಾಮೂಹಿಕ ಮದುವೆ ನಡೆಸುವ ಮಠ, ಸಂಘ, ಮುಖಂಡರಿಗೆ: ಹೆಸರು ನೋಂದಣಿಯನ್ನು ಮದುವೆಗೆ ಒಂದು ತಿಂಗಳ ಮುಂಚೆ ಮುಗಿಸುವುದು. ದಾಖಲೆ ಪರಿಶೀಲನೆಗೆ ನೀವೇ ಇಬ್ಬರನ್ನು ಕಳಿಸಿಕೊಡಿ. ವೇದಿಕೆಯ ಮೇಲೆ ನಿಲ್ಲಿಸಿ ಮದುವೆ ತಡೆಯುವುದು ಆ ಹುಡುಗಿಗೂ ಅವಮಾನ, ಮಠದವರಿಗೂ ಮುಜುಗರ. ಒಂದು ತಿಂಗಳ ಮುಂಚೆ ಅರ್ಜಿ ವಾಪಸ್ ಕೊಡುವುದು ಯಾರಿಗೂ ಭಾರವಲ್ಲ.

ಸ್ವಸಹಾಯ ಸಂಘಗಳಿಗೆ, ಅವುಗಳ ಪಂಚಾಯ್ತಿ ಮಟ್ಟದ ಸಂಜೀವಿನಿ ಒಕ್ಕೂಟಕ್ಕೆ: ಅಪ್ರಾಪ್ತ ಮಗಳ ಮದುವೆಗೆ ಸಾಲ ಕೊಡುವುದಿಲ್ಲ, ಓದಿಗಾದರೆ ಕೊಡುತ್ತೇವೆ ಎಂದು ಒಂದು ನಿಯಮ. ನನ್ನ ಪ್ರಕಾರ ಊರಿನ ಮಟ್ಟದಲ್ಲಿ ಇದಕ್ಕಿಂತ ಗಟ್ಟಿ ಒಪ್ಪಂದ ಇನ್ನೊಂದಿಲ್ಲ. ಮದುವೆ ನಡೆಯುವುದು ದುಡ್ಡಿನ ಮೇಲೆ. ಆ ದುಡ್ಡಿನ ಒಂದು ಪಾಲು ವಾರದ ಸಭೆಯಲ್ಲಿ ಚಾಪೆ ಮೇಲೆ ಕೂತ ಇದೇ ಹೆಂಗಸರ ಕೈಯಿಂದ ಹೋಗುತ್ತದೆ.

ಬ್ಯಾನರ್ ಬಗ್ಗೆ ಒಂದು ಮಾತು. ಸಭೆಯಲ್ಲಿ ನಿಮ್ಮ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಹಾಕಬೇಡಿ. ಪತ್ರಿಕೆಗೆ ಸುದ್ದಿ ಹೋದರೆ ಪಂಚಾಯ್ತಿ ಅಧ್ಯಕ್ಷರ, ಶಾಲೆಯವರ ಹೆಸರು ಮುಂದಿರಲಿ. ಕೆಲಸ ತಮ್ಮದು ಅನ್ನಿಸಿದರೆ ಮಾತ್ರ ಅವರು ನೀವಿಲ್ಲದ ದಿನವೂ ಮಾಡುತ್ತಾರೆ. ಹುಡುಗಿಯ ಹೆಸರು, ಫೋಟೋ, ಊರು ಮಾತ್ರ ಎಲ್ಲಿಯೂ ಬರಬಾರದು. ಅದು ಕಾನೂನಿನಲ್ಲೂ ಅಪರಾಧ.

ಹೆಜ್ಜೆ 5: ಸುದ್ದಿ ಕೊಟ್ಟವರ ಹೆಸರು ಹೊರಗೆ ಬರಬಾರದು

ಈ ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ಕೈಬಿಟ್ಟ ಹಾಗೆ.

ಅಂಗನವಾಡಿ ಕಾರ್ಯಕರ್ತೆ ಅದೇ ಊರಿನ ಸೊಸೆ. ಆಶಾ ಅದೇ ಓಣಿಯವಳು. ಅವರು ದೂರು ಕೊಟ್ಟರು ಎಂದು ಗೊತ್ತಾದರೆ ಮರುದಿನದಿಂದ ಆ ಮನೆಯ ಬಾಗಿಲು ಅವರಿಗೆ ಮುಚ್ಚುತ್ತದೆ. ಗರ್ಭಿಣಿಯ ತಪಾಸಣೆ, ಮಗುವಿನ ಚುಚ್ಚುಮದ್ದು ಎಲ್ಲಕ್ಕೂ ಅಡ್ಡಿ. ಜಗಳ, ಬೈಗುಳ ಬೇರೆ. ಆದ್ದರಿಂದ ಒಂದು ಒಪ್ಪಂದ ಮೊದಲೇ ಮಾಡಿಕೊಳ್ಳಿ: ಊರಿನವರು ಹೇಳುತ್ತಾರೆ, ದೂರು ಕೊಡುವುದು ಸಂಸ್ಥೆ. ಕಾನೂನು ನಿಮಗೆ ಆ ಹಕ್ಕು ಕೊಟ್ಟಿದೆ, ಬಳಸಿ. ಊರಿನ ಸಿಟ್ಟನ್ನು ಹೊರಲು ಸಂಸ್ಥೆಗೆ ಸಾಧ್ಯ, ಆಶಾ ಕಾರ್ಯಕರ್ತೆಗೆ ಸಾಧ್ಯವಿಲ್ಲ.

ನಿಮ್ಮ ಕಚೇರಿಯಲ್ಲಿ ಸುದ್ದಿ ಬರೆದುಕೊಳ್ಳುವ ಪುಸ್ತಕದಲ್ಲಿ ಹೇಳಿದವರ ಹೆಸರಿನ ಕಾಲಂ ಇರಲೇಬಾರದು. ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಾಕುವ ಅಭ್ಯಾಸ ಬೇಡ. ಒಂದು ಸ್ಕ್ರೀನ್‌ಶಾಟ್ ಸಾಕು, ಊರೆಲ್ಲ ಸುತ್ತಿ ಬರುತ್ತದೆ. ಫೋನ್ ಒಬ್ಬರೇ ಎತ್ತಬೇಕು, ಹೆಚ್ಚೆಂದರೆ ಇಬ್ಬರು.

ಮಕ್ಕಳ ಸಹಾಯವಾಣಿ 1098. ಈಗ ಅದು ಮಹಿಳಾ ಮತ್ತು ಮಕ್ಕಳ ಇಲಾಖೆಯ ಕೈಯಲ್ಲಿದೆ, ತುರ್ತು ಸಂಖ್ಯೆ 112ರ ಜೊತೆ ಜೋಡಿಸಲಾಗಿದೆ. ಅಲ್ಲಿಗೆ ಫೋನ್ ಮಾಡುವ ಮುಂಚೆ ವಿವರ ಕೈಯಲ್ಲಿರಲಿ. "ಇಂಥ ಊರಲ್ಲಿ ಚಿಕ್ಕ ಹುಡುಗಿ ಮದುವೆ ಇದೆಯಂತೆ" ಅಂದರೆ ಯಾರೂ ಎಲ್ಲಿಗೂ ಹೋಗಲಾಗುವುದಿಲ್ಲ. ಒಂದು ಊರಲ್ಲಿ ಐದು ಜನ ಲಕ್ಷ್ಮಿಯರಿರುತ್ತಾರೆ. ಹುಡುಗಿಯ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು, ಓಣಿ, ಓದುವ ಶಾಲೆ, ಕ್ಲಾಸು, ಮದುವೆಯ ದಿನ, ಜಾಗ, ಹುಡುಗನ ಊರು. ಜಾಗ ತುಂಬಾ ಮುಖ್ಯ. ಊರಲ್ಲಿ ಅರಿಶಿನ ಹಚ್ಚಿ, ಪಕ್ಕದ ತಾಲ್ಲೂಕಿನ ಗುಡಿಯಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸುವುದು ಹೊಸದೇನಲ್ಲ. ಗಡಿ ಭಾಗದಲ್ಲಾದರೆ ಮಹಾರಾಷ್ಟ್ರಕ್ಕೋ ತೆಲಂಗಾಣಕ್ಕೋ ಕರೆದೊಯ್ಯುತ್ತಾರೆ. ಹಾಗಾಗಿ ಸುತ್ತಲ ತಾಲ್ಲೂಕುಗಳಲ್ಲಿ ಒಂದೊಂದು ಸಂಸ್ಥೆಯ ಪರಿಚಯ ಇಟ್ಟುಕೊಳ್ಳಿ.

ಫೋನ್ ಮಾಡಿದ ಮೇಲೆ ನೀವಾಗಿಯೇ ಮನೆಗೆ ನುಗ್ಗಬೇಡಿ. ಅಧಿಕಾರಿಗಳ ಜೊತೆ ಹೋಗಿ, ನಿಮ್ಮಲ್ಲಿ ಒಬ್ಬ ಹೆಂಗಸು ಇರಲೇಬೇಕು. ಅಧಿಕಾರಿಗಳು ಅಪ್ಪನ ಜೊತೆ ಮಾತಾಡುವಾಗ ಆಕೆ ಹುಡುಗಿಯ ಪಕ್ಕ ಕೂರಲಿ. ಆ ಗದ್ದಲದಲ್ಲಿ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ.

ಹೆಜ್ಜೆ 6: ಮದುವೆ ನಿಂತ ಮರುದಿನ

ಮದುವೆ ನಿಂತಿತು. ತಂದೆ ತಾಯಿ ಮುಚ್ಚಳಿಕೆ ಬರೆದುಕೊಟ್ಟರು, 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು. ಜೀಪು ಹೊರಟಿತು. ಬಹುತೇಕ ಕಡೆ ಕೆಲಸ ಇಲ್ಲಿಗೆ ಮುಗಿಯುತ್ತದೆ. ಮೂರು ತಿಂಗಳ ನಂತರ ಅದೇ ಹುಡುಗಿಯ ಮದುವೆ ಸದ್ದಿಲ್ಲದೆ ಬೇರೆಲ್ಲೋ ನಡೆದುಹೋಗಿರುತ್ತದೆ.

ನಿಮ್ಮ ಸಮಯ ಅತಿ ಹೆಚ್ಚು ಬೇಕಾಗಿರುವುದು ಈಗ. ಆ ಮನೆಯ ಸ್ಥಿತಿ ಯೋಚಿಸಿ. ಅಡ್ವಾನ್ಸ್ ಹೋಗಿದೆ, ತಂದಿಟ್ಟ ದಿನಸಿ ಬಿದ್ದಿದೆ, ನೆಂಟರ ಮುಂದೆ ಮಾನ ಹೋಯಿತು ಎಂಬ ಕುದಿ ಇದೆ. ಎಲ್ಲರ ಸಿಟ್ಟೂ ಹುಡುಗಿಯ ಮೇಲೆ ತಿರುಗುತ್ತದೆ. ಆಕೆಯೇ ಹೇಳಿಕೊಟ್ಟಳು ಎಂದು ಹೊಡೆತವೂ ಬೀಳಬಹುದು. ಹಾಗಾಗಿ ಎರಡು ದಿನದೊಳಗೆ ಮನೆಗೆ ಹೋಗಿ, ಮತ್ತೆ ವಾರಕ್ಕೊಮ್ಮೆ ಹೋಗುತ್ತಿರಿ. ಮನೆಯಲ್ಲಿ ಇರುವುದು ಸುರಕ್ಷಿತ ಅಲ್ಲ ಅನ್ನಿಸಿದರೆ ತಡಮಾಡದೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ.

ಒಬ್ಬೊಬ್ಬ ಹುಡುಗಿಗೂ ಒಂದು ಹಾಳೆ ಇಡಿ. 18 ತುಂಬುವ ದಿನಾಂಕ ಮೇಲೆ ಬರೆಯಿರಿ. ಕೆಳಗೆ, ಅಲ್ಲಿಯವರೆಗೆ ಯಾರು ಯಾವಾಗ ನೋಡಿಕೊಂಡು ಬರಬೇಕು ಎಂದು ಹಂಚಿ. ಮೊದಲ ತಿಂಗಳು ಸಂಸ್ಥೆಯವರು. ನಂತರ ಶಾಲೆ ಇರುವಾಗ ಕ್ಲಾಸ್ ಟೀಚರ್, ರಜೆಯಲ್ಲಿ ಆಶಾ, ಗುಳೆ ಹೊರಡುವ ತಿಂಗಳಲ್ಲಿ ಮತ್ತೆ ನೀವು. ಪಾಲುದಾರಿಕೆ ಎಂದು ನಾವು ಕರೆಯುವುದು ಕೊನೆಗೆ ಈ ಹಾಳೆಯನ್ನೇ.

ಮನೆಯ ಅಗತ್ಯ ಏನು ಎಂದು ನೋಡಿ ಅದಕ್ಕೆ ಸರಿಯಾದವರನ್ನು ಹಿಡಿಯಿರಿ. ಗುಳೆ ಹೋಗುವ ಮನೆಯಾದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ (ಹುಡುಗಿಯರ ವಸತಿ ಶಾಲೆ), ಸಮಾಜ ಕಲ್ಯಾಣ ಇಲ್ಲವೇ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್. ಅರ್ಜಿ ಹಾಕುವ ತಿಂಗಳು ಮುಂಚೆಯೇ ತಿಳಿದಿರಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಟ್ಟಿರಿ. ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ಕೇಳಿ. 2006ರಲ್ಲಿ ಶುರುವಾದ ಆ ಯೋಜನೆಯ ದುಡ್ಡು 18ಕ್ಕೆ ಮುಂಚೆ ಮದುವೆಯಾದರೆ ಸಿಗುವುದಿಲ್ಲ. ಟ್ರಂಕಿನ ತಳದಲ್ಲಿರುವ ಆ ಕಾಗದ ತೆಗೆಸಿ, ತಂದೆಯ ಮುಂದೆಯೇ ಓದಿ ಹೇಳಿ. ಕಾನೂನಿನ ಮಾತು ಕೇಳದ ಅಪ್ಪಂದಿರು ಈ ಮಾತು ಕೇಳುತ್ತಾರೆ.

ಬಸ್ಸಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಟಿಕೆಟ್ಟಿನ ಚಿಂತೆ ಹೋಯಿತು, ಸರಿ. ಆದರೆ ಕಾಲೇಜು ಬಿಡುವುದು ನಾಲ್ಕಕ್ಕೆ, ಊರಿಗೆ ಬಸ್ ಇರುವುದು ಏಳಕ್ಕೆ ಅಂದರೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಇಷ್ಟು ಊರು, ಇಷ್ಟು ಹುಡುಗಿಯರು, ಇಂಥ ಹೊತ್ತು ಎಂದು ಪಟ್ಟಿ ಮಾಡಿ. ಪಂಚಾಯ್ತಿ ಅಧ್ಯಕ್ಷರ ಸಹಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಡಿಪೋ ಮ್ಯಾನೇಜರ್ ಹತ್ತಿರ ಹೋಗಿ. ಇರುವ ಬಸ್ಸಿನ ಹೊತ್ತು ಬದಲಿಸಿ ಎಂದು ಕೇಳಿ. ಹೊಸ ಬಸ್ ಕೇಳುವುದಕ್ಕಿಂತ ಅದು ಬೇಗ ಆಗುವ ಕೆಲಸ. ಬಾಲ್ಯವಿವಾಹದ ಬಗ್ಗೆ ಒಂದು ಮಾತೂ ಆಡದೆ ಹತ್ತು ಹುಡುಗಿಯರ ಮದುವೆ ಮುಂದೂಡಲು ಒಂದು ಬಸ್ಸಿಗೆ ಸಾಧ್ಯ.

ಈಗಾಗಲೇ ಮದುವೆಯಾಗಿಬಿಟ್ಟ ಹುಡುಗಿಯರನ್ನು ಬಿಟ್ಟುಬಿಡಬೇಡಿ. ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ, ಮಹಿಳಾ ಸಹಾಯವಾಣಿ 181, ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರು, ಮೂವರ ಪರಿಚಯವೂ ನಿಮಗಿರಬೇಕು. 18ರೊಳಗಿನ ಹುಡುಗಿ ಗರ್ಭಿಣಿಯಾಗಿದ್ದರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಆ ಭಯಕ್ಕೆ ಮನೆಯವರು ಆಸ್ಪತ್ರೆಗೇ ಕರೆತರದೆ ಇರುವುದುಂಟು. ಕಾನೂನು ತನ್ನ ದಾರಿಯಲ್ಲಿ ಹೋಗುವಾಗ ಆಕೆಯ ಆರೋಗ್ಯ ತಪಾಸಣೆ ತಪ್ಪದಂತೆ ನೋಡಿಕೊಳ್ಳುವ ಹೊಣೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಮುಂಚೆಯೇ ಮಾತಾಡಿಕೊಳ್ಳಿ.

ಹೆಜ್ಜೆ 7: ಮಕ್ಕಳನ್ನೇ ಪಾಲುದಾರರನ್ನಾಗಿ ಮಾಡಿ

ಇದರಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವ ಇದೆ. ಕುಂದಾಪುರ ಭಾಗದಲ್ಲಿ 90ರ ದಶಕದಲ್ಲೇ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಬೆಂಬಲದಲ್ಲಿ ದುಡಿಯುವ ಮಕ್ಕಳದೇ ಆದ ಭೀಮ ಸಂಘ, ಮಕ್ಕಳ ಪಂಚಾಯ್ತಿಗಳು ನಡೆದವು. ಮಕ್ಕಳೇ ಊರಿನ ಮಾಹಿತಿ ಕಲೆಹಾಕಿ ದೊಡ್ಡವರ ಪಂಚಾಯ್ತಿ ಮುಂದೆ ಇಟ್ಟರು. ಈಗ ರಾಜ್ಯದ ಎಲ್ಲಾ ಗ್ರಾಮ ಪಂಚಾಯ್ತಿಗಳಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು.

ಆ ಸಭೆಗೆ ಮಕ್ಕಳನ್ನು ತಯಾರು ಮಾಡಿ. ಭಾಷಣ ಬಾಯಿಪಾಠ ಮಾಡಿಸಬೇಡಿ. ಶಾಲೆಗೆ ಬರುವ ದಾರಿಯಲ್ಲಿ ಎಲ್ಲಿ ಭಯ, ಶೌಚಾಲಯಕ್ಕೆ ನೀರಿದೆಯಾ, ಓದು ಬಿಟ್ಟ ಗೆಳತಿಯರು ಎಷ್ಟು ಮಂದಿ ಎಂದು ಅವರೇ ಎಣಿಸಿ ತರಲಿ. ಮದುವೆ ನಿಶ್ಚಯವಾದ ಗೆಳತಿಯ ಹೆಸರನ್ನು ಮಾತ್ರ ಸಭೆಯಲ್ಲಿ ಹೇಳಿಸಬಾರದು. ಅದಕ್ಕೆ ಶಾಲೆಯ ದೂರು ಪೆಟ್ಟಿಗೆ ಇದೆ, ನಂಬಿಕೆಯ ಟೀಚರ್ ಇದ್ದಾರೆ.

ಹುಡುಗರನ್ನೂ ಕರೆಯಿರಿ. 19, 20ರ ಹುಡುಗರಿಗೂ ಬಲವಂತದ ಮದುವೆ ಆಗುತ್ತದೆ. ಬೇಡ ಎನ್ನಲು ಅವರಿಗೂ ಬೆಂಬಲ ಬೇಕು.

ಹೆಜ್ಜೆ 8: ದುಡ್ಡು ಮತ್ತು ಕಾಗದ

ಬೇರೆ ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡುವುದಾದರೆ ಒಂದು ಪುಟದ ಒಪ್ಪಂದ ಸಾಕು: ಯಾರು ಯಾವ ಪಂಚಾಯ್ತಿ, ಯಾರು ಯಾವ ಕೆಲಸ, ಮಾಹಿತಿ ಯಾರ ಹತ್ತಿರ ಇರುತ್ತದೆ, ಬೇರೆಯಾಗುವುದಾದರೆ ಹೇಗೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ನೇರವಾಗಿ ಬೇಕಾದರೆ ಸಿಎಸ್‌ಆರ್-1 ನೋಂದಣಿ ಇರಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ವಿದೇಶಿ ದೇಣಿಗೆ ಪಡೆಯುವ ದೊಡ್ಡ ಸಂಸ್ಥೆ ಆ ಹಣದಲ್ಲಿ ನಿಮಗೆ ಪಾಲು ಕೊಡುತ್ತೇನೆ ಎಂದರೆ ಒಪ್ಪಬೇಡಿ. 2020ರ ತಿದ್ದುಪಡಿಯ ನಂತರ ಹಾಗೆ ವರ್ಗಾಯಿಸುವಂತಿಲ್ಲ.

ಆಶಾ, ಅಂಗನವಾಡಿಯವರಿಗೆ ಒಂದೊಂದು ಸುದ್ದಿಗೂ ಇಷ್ಟು ಎಂದು ದುಡ್ಡು ಕೊಡುವುದು ಬೇಡ. ಅವರ ಮಾತಿಗೆ ಊರಲ್ಲಿ ಇರುವ ಬೆಲೆ ಹೋಗುತ್ತದೆ. ಸಭೆಗೆ ಬಂದಾಗ ಬಸ್ ಚಾರ್ಜು, ಊಟ ಧಾರಾಳವಾಗಿ ನೋಡಿಕೊಳ್ಳಿ.

ಹೆಜ್ಜೆ 9: ಲೆಕ್ಕ ಇಡುವುದು

ಎಷ್ಟು ಮದುವೆ ತಡೆದಿರಿ ಎಂದು ದಾನಿಗಳು ಕೇಳುತ್ತಾರೆ. ಆ ಅಂಕಿ ಒಂದೇ ಸಾಲದು. ತಡೆದ ಮದುವೆಯ ಹುಡುಗಿಯರಲ್ಲಿ ಒಂದು ವರ್ಷದ ನಂತರ ಓದುತ್ತಿರುವವರು ಎಷ್ಟು? 18 ತುಂಬುವವರೆಗೆ ಮದುವೆಯಾಗದೆ ಉಳಿದವರು ಎಷ್ಟು? ಎಂಟನೇ ಕ್ಲಾಸಿಗೆ ಸೇರಿದ ಹುಡುಗಿಯರಲ್ಲಿ ಹತ್ತನೇ ಪರೀಕ್ಷೆಗೆ ಕೂತವರು ಎಷ್ಟು? ಈ ಮೂರನ್ನು ಎಣಿಸಿ.

ಪಕ್ಕದ ಹೋಬಳಿಯ ಜೊತೆ ಹೋಲಿಸುವ ಧೈರ್ಯವೂ ಇರಲಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರನ್ನು ಹೈಸ್ಕೂಲಿನಲ್ಲಿ ಉಳಿಸಲು ಸಮತಾ ಎಂಬ ಕಾರ್ಯಕ್ರಮ ನಡೆಸಿತು. ಕಾರ್ಯಕ್ರಮ ನಡೆದ ಹಳ್ಳಿಗಳನ್ನು ನಡೆಯದ ಹಳ್ಳಿಗಳ ಜೊತೆ ಹೋಲಿಸಿ ನೋಡಿದಾಗ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆ ವರ್ಷಗಳಲ್ಲಿ ಎರಡೂ ಕಡೆ ಪರಿಸ್ಥಿತಿ ಸುಧಾರಿಸಿತ್ತು. ಅದನ್ನು ಬಚ್ಚಿಡದೆ ಪ್ರಕಟಿಸಿದ್ದರಿಂದ ಉಳಿದ ಸಂಸ್ಥೆಗಳಿಗೆ ದೊಡ್ಡ ಉಪಕಾರವಾಯಿತು. ಹೋಲಿಕೆ ಇಲ್ಲದಿದ್ದರೆ ಎಲ್ಲಾ ಸುಧಾರಣೆಯೂ ತಮ್ಮಿಂದಲೇ ಆಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ ಅಲ್ವಾ?

ಹೆಜ್ಜೆ 10: ಅಧಿಕಾರಿ ವರ್ಗವಾದಾಗ

ಒಳ್ಳೆಯ ಸಿಡಿಪಿಒ ಸಿಕ್ಕರು, ಎಲ್ಲವೂ ಸರಾಗವಾಗಿ ನಡೆಯಿತು, ಜೂನ್‌ನಲ್ಲಿ ವರ್ಗಾವಣೆ ಬಂತು. ಇದು ಆಗಿಯೇ ಆಗುತ್ತದೆ. ಪಂಚಾಯ್ತಿ ಚುನಾವಣೆ ಬಂದರೆ ಸದಸ್ಯರೂ ಬದಲಾಗುತ್ತಾರೆ. ಆದ್ದರಿಂದ ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ಎಲ್ಲವನ್ನೂ ಕಟ್ಟಬೇಡಿ. ಠರಾವು, ಪತ್ರ, ಸಭೆಯ ನಡಾವಳಿ, ಎಲ್ಲದರ ಪ್ರತಿ ಒಂದು ಫೈಲಿನಲ್ಲಿರಲಿ. ಪ್ರತಿ ಕಚೇರಿಯಲ್ಲೂ ಮೇಲಿನವರ ಜೊತೆಗೆ ಒಬ್ಬ ಗುಮಾಸ್ತ ಇಲ್ಲವೇ ಮೇಲ್ವಿಚಾರಕಿಯ ಪರಿಚಯ ಇಟ್ಟುಕೊಳ್ಳಿ, ಅವರು ಹೆಚ್ಚು ವರ್ಷ ಅಲ್ಲೇ ಇರುತ್ತಾರೆ.

ಹೊಸ ಅಧಿಕಾರಿ ಬಂದ ಮೊದಲ ವಾರದಲ್ಲೇ ಹೋಗಿ. ಹೂಗುಚ್ಛ ಬೇಡ, ಆ ಫೈಲ್ ಹಿಡಿದುಕೊಂಡು ಹೋಗಿ. ಅದರ ಮೇಲ್ಗಡೆ ಒಂದು ಹಾಳೆ ಇರಲಿ: ಮುಚ್ಚಳಿಕೆ ಆದ ಎಷ್ಟು ಹುಡುಗಿಯರು ಈ ತಾಲ್ಲೂಕಿನಲ್ಲಿ ಇದ್ದಾರೆ, ಯಾರಿಗೆ ಯಾವ ತಿಂಗಳು 18 ತುಂಬುತ್ತದೆ, ಈ ತಿಂಗಳು ಯಾರ ಮನೆಗೆ ಯಾರು ಹೋಗಬೇಕು. ಅದರಲ್ಲಿ ಅವರು ಮಾಡಬೇಕಾದ ಒಂದು ಕೆಲಸದ ಕೆಳಗೆ ಗೆರೆ ಎಳೆದು ಕೊಡಿ, ಮುಂದಿನ ಭೇಟಿಯ ದಿನಾಂಕ ಕೇಳಿಕೊಂಡು ಬನ್ನಿ.